ಹೊಗೇನಕಲ್: ಹೊಗೆ ಬೇಕಾ, ತೆಪ್ಪ ಬೇಕಾ?

[ದೃಶ್ಯ: ಕೆಂಪು ನೀರು, ಹಾರುವ ಹನಿ. ಮೊದಲು ಬರೀ ಸದ್ದು.]

ಒಂದು ಆಗಸ್ಟ್ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಹೊಸೂರು ಕಡೆಯ ದೆಂಕಣಿಕೋಟೆಯಿಂದ ಹೊಗೇನಕಲ್ ಜಲಪಾತಕ್ಕೆ ಹೊರಟೆವು. ಅಜ್ಜಿಗೆ ಇದ್ದದ್ದು ಒಂದೇ ಆಸೆ, ತೆಪ್ಪದಲ್ಲಿ ಕೂರಬೇಕು. ಬೆಳಗ್ಗೆ ಐದಕ್ಕೇ ಎದ್ದು ಚಿತ್ರಾನ್ನ ಕಟ್ಟಿದ್ದರು. ಹೋಗಿ ನೋಡಿದರೆ ತೆಪ್ಪಗಳೆಲ್ಲ ದಡದಲ್ಲಿ ಬೋರಲು ಬಿದ್ದಿವೆ. ಹಗ್ಗ ಕಟ್ಟಿದ್ದಾರೆ, ಪೊಲೀಸರು ನಿಂತಿದ್ದಾರೆ. ಚಿತ್ರಾನ್ನ ತಿಂದು ವಾಪಸ್ ಬಂದೆವು.

ತಪ್ಪು ನಮ್ಮದೇ. ಕ್ಯಾಲೆಂಡರ್ ನೋಡಿ ಹೊರಟಿದ್ದೆವು, ನೋಡಬೇಕಾಗಿದ್ದುದು ಒಂದು ನಂಬರ್. ಇವತ್ತಿನ ವಿಡಿಯೋ ಆ ನಂಬರಿನ ಬಗ್ಗೆ.

[ದೃಶ್ಯ: ನಕ್ಷೆ. ಕಾವೇರಿ, ಬಿಳಿಗುಂಡ್ಲು, ಹೊಗೇನಕಲ್, ಮೆಟ್ಟೂರು.]

ನಮ್ಮ ಕಡೆ ತಮಿಳು ಟಿವಿ ನ್ಯೂಸ್ ನೋಡುವವರಿಗೆ ಈ ಮಾತು ಕೇಳಿ ಕೇಳಿ ಅಭ್ಯಾಸ. "ಒಗೇನಕ್ಕಲ್ ನೀರ್‌ವರತ್ತು ಇಷ್ಟು ಸಾವಿರ ಕನ ಅಡಿ." ನೀರ್‌ವರತ್ತು ಅಂದರೆ ಒಳಹರಿವು, ಕನ ಅಡಿ ಅಂದರೆ ಕ್ಯೂಸೆಕ್. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. ಅಜ್ಜಿಯ ಹಳೇ ಹಿತ್ತಾಳೆ ಕೊಡದಲ್ಲಿ ಎರಡು ಕೊಡ ಅಂದುಕೊಳ್ಳಿ.

ಅಳೆಯುವ ಜಾಗ ಬಿಳಿಗುಂಡ್ಲು. ಹೊಗೇನಕಲ್‌ಗಿಂತ ಸ್ವಲ್ಪ ಮೇಲೆ, ಗಡಿಯಲ್ಲೇ ಇದೆ. ಅಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕಾವೇರಿ ಜಗಳದಲ್ಲಿ ಎರಡೂ ರಾಜ್ಯದವರು ಬಡಿದಾಡುವುದು ಇಲ್ಲಿನ ಲೆಕ್ಕಕ್ಕೇ. ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಬಿಡಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದನ್ನು ಅಳೆಯುವುದೂ ಇಲ್ಲೇ. ಕೋರ್ಟಿಗೆ ಬೇಕಾದ ನಂಬರೇ ನಮ್ಮ ಪಿಕ್ನಿಕ್ಕಿಗೂ ಬೇಕು. ವಿಚಿತ್ರ ಅಲ್ವಾ?

[ದೃಶ್ಯ: ಬೇಸಿಗೆಯ ಹೊಗೇನಕಲ್. ಬಂಡೆ ಗೋಡೆಗಳ ನಡುವೆ ಒಂದು ತೆಪ್ಪ.]

ನೀರು ಕಡಿಮೆ ಇದ್ದಾಗ, ಒಂದೆರಡು ಸಾವಿರ ಕ್ಯೂಸೆಕ್ ಅನ್ನಿ, ಇಲ್ಲಿ ಕಾಣುವುದು ಕಲ್ಲು. ನದಿ ಹತ್ತಾರು ಸೀಳಾಗಿ ಬಂಡೆಗಳ ಸಂದಿಯಲ್ಲಿ ಇಳಿಯುತ್ತದೆ. ಕೆಳಗೆ ಎರಡೂ ಕಡೆ ನೆಟ್ಟಗೆ ನಿಂತ ಕಲ್ಲಿನ ಗೋಡೆ. ಆ ಕಮರಿಯೊಳಗೆ ತೆಪ್ಪ ಹೋಗುತ್ತದೆ. ಮೇಲೆ ನೋಡಿದರೆ ಆಕಾಶ ಒಂದು ಪಟ್ಟಿ ಅಷ್ಟೇ. ಈ ಸುತ್ತಮುತ್ತ ಕಾರ್ಬೊನಟೈಟ್ ಅನ್ನುವ ಅಪರೂಪದ ಕಲ್ಲು ಸಿಗುತ್ತದೆ. ಭೂಮಿಯ ಆಳದಿಂದ ಕರಗಿ ಬಂದು ಗಟ್ಟಿಯಾದದ್ದು, ವಯಸ್ಸು ಸುಮಾರು 240 ಕೋಟಿ ವರ್ಷ. ಆ ವಯಸ್ಸಿನ ಕಲ್ಲಿರುವ ಜಾಗದಲ್ಲಿ ನಾವು ಹೆಸರು ಕೆತ್ತಿ ಹಾರ್ಟ್ ಬರೆದು ಬರುತ್ತೇವೆ, ಇರಲಿ.

ತೆಪ್ಪದ ಬಗ್ಗೆ ಒಂದು ಮಾತು. ಅಲ್ಲಿನ ಬೋರ್ಡಿನಲ್ಲಿ ‘ಪರಿಸಲ್’ ಅಂತ ಇರುತ್ತದೆ, ‘ತೆಪ್ಪ’ ಅಂತ ಹುಡುಕಾಡಬೇಡಿ. ಬಿದಿರು ಹೆಣೆದ ದೊಡ್ಡ ಬುಟ್ಟಿ. ಹಿಂದೆ ತಳಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ. ದುಂಡಗಿರುವುದರಿಂದ ಮುಂದೆ ಹಿಂದೆ ಅನ್ನುವುದೇ ಇಲ್ಲ. ಬಂಡೆಗೆ ತಗುಲಿದರೂ ಸುಮ್ನೆ ಪಕ್ಕಕ್ಕೆ ಜಾರುತ್ತದೆ. ತಳ ಚಪ್ಪಟೆ, ಹಾಗಾಗಿ ಮೊಣಕಾಲುದ್ದ ನೀರಿನಲ್ಲೂ ಓಡುತ್ತದೆ. ಆದರೆ ರಭಸ ಜಾಸ್ತಿಯಾದರೆ ಒಂದೇ ಹುಟ್ಟು ಹಿಡಿದು ಅದನ್ನು ನೆಟ್ಟಗೆ ನಡೆಸಲು ಯಾರಿಂದಲೂ ಆಗುವುದಿಲ್ಲ, ತಿರುಗಲು ಶುರುವಾಗುತ್ತದೆ. ನೀರು ಏರಿದ ಕೂಡಲೇ ತೆಪ್ಪ ನಿಲ್ಲಿಸುವುದು ಇದಕ್ಕೇ. ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದು ಧರ್ಮಪುರಿ ಜಿಲ್ಲಾಡಳಿತದ ತೀರ್ಮಾನ. ಲೈಫ್ ಜಾಕೆಟ್ ಕಡ್ಡಾಯ. ಫೋಟೋಗೆ ಅಂತ ಬಿಚ್ಚಬೇಡಿ. ಎದ್ದು ನಿಲ್ಲಲೂ ಬೇಡಿ.

[ದೃಶ್ಯ: ಮತ್ತೆ ಕೆಂಪು ನೀರು. ಕ್ಯಾಮೆರಾ ಲೆನ್ಸ್ ಮೇಲೆ ಹನಿ.]

ಈಗ ಇನ್ನೊಂದು ಕೊನೆ. 2024ರ ಜುಲೈ ಕೊನೆಗೆ ನೀರು 1 ಲಕ್ಷ ಕ್ಯೂಸೆಕ್ ದಾಟಿತ್ತು. 12 ಸಾವಿರ ಲೀಟರಿನ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ? ಅಂಥವು 230ಕ್ಕೂ ಜಾಸ್ತಿ, ಒಂದೇ ಸೆಕೆಂಡಿನಲ್ಲಿ. ಆಗ ಐಂದರುವಿ, ಸಿನಿ ಫಾಲ್ಸ್ ಅಂತ ಬೇರೆ ಬೇರೆ ಜಲಪಾತ ಇರುವುದಿಲ್ಲ. ಬಂಡೆಗಳೆಲ್ಲ ಮುಳುಗಿ ಒಂದೇ ಹೊಳೆ ಆಗುತ್ತದೆ. ಅಂದರೆ ತೀರಾ ಜಾಸ್ತಿ ನೀರು ಬಂದರೆ ಜಲಪಾತವೇ ಮಾಯ!

ಇವೆರಡರ ನಡುವೆ ಒಂದು ಹದ ಇದೆ. ಬಂಡೆಯೂ ಕಾಣಬೇಕು, ನೀರೂ ಜೋರಾಗಿ ಬೀಳಬೇಕು. ಆಗ ಕಮರಿಯಿಂದ ಹನಿಯ ಮೋಡ ಏಳುತ್ತದೆ, ದೂರದಿಂದ ಕಲ್ಲೇ ಹೊಗೆಯಾಡಿದ ಹಾಗೆ. ಹೊಗೆಯ ಕಲ್ಲು, ಹೊಗೇನಕಲ್. ತಮಿಳಿನಲ್ಲಿ ‘ಹ’ ಬಿಟ್ಟು ಒಗೇನಕ್ಕಲ್ ಅನ್ನುತ್ತಾರೆ. ಊರು ತಮಿಳುನಾಡಿನದು, ಹೆಸರು ಮಾತ್ರ ನಮ್ಮ ಮಾತಿನದು. ಜಗಳಕ್ಕೆ ಹೇಳುತ್ತಿಲ್ಲ. ಗಡಿಯಲ್ಲಿ ಬದುಕುವವರಿಗೆ ಇಂಥದ್ದು ಮಾಮೂಲು.

ತೊಂದರೆ ಏನೆಂದರೆ, ಹೊಗೆ ಚೆನ್ನಾಗಿ ಏಳುವ ದಿನ ತೆಪ್ಪ ಬಿಡುವುದು ಅನುಮಾನ. ಹೊಗೆ ಬೇಕಾ, ತೆಪ್ಪ ಬೇಕಾ ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಹೊಗೆ ಬೇಕಾದರೆ ಜುಲೈನಿಂದ ಸೆಪ್ಟೆಂಬರ್. ತೂಗುಸೇತುವೆ ತೆರೆದಿದ್ದರೆ ಅಲ್ಲಿಂದ ನೋಡಿ. ತೆಪ್ಪ ಬೇಕಾದರೆ ಮಳೆಗಾಲ ಮುಗಿದು ನೀರು ಇಳಿದ ಮೇಲೆ, ಡಿಸೆಂಬರ್, ಜನವರಿ. ತಮಿಳರ ಆಡಿ ತಿಂಗಳ ಹದಿನೆಂಟನೇ ದಿನದ ಹಬ್ಬ, ಆಡಿ ಹದಿನೆಂಟರ ದಿನ ಮಾತ್ರ ಬೇಡ, ಜನವೋ ಜನ. ಕೆಆರ್‌ಎಸ್, ಕಬಿನಿ ತುಂಬಿ ಗೇಟ್ ತೆಗೆದರು ಅಂತ ಸುದ್ದಿ ಬಂದರೆ ಸುಮಾರು ಎರಡು ದಿನದಲ್ಲಿ ನೀರು ಇಲ್ಲಿಗೆ ಬರುತ್ತದೆ. ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಬಂಡೆ ಮೇಲೆ ಕೂತು ಊಟ ಮಾಡುವವರು ಮೋಸ ಹೋಗುವುದು ಹೀಗೆಯೇ.

[ದೃಶ್ಯ: ಕಾಡಿನ ರಸ್ತೆ, ಆನೆ ಲದ್ದಿ.]

ದಾರಿ: ಹೊಸೂರು, ದೆಂಕಣಿಕೋಟೆ, ಅಂಚೆಟ್ಟಿ, ನಾಟ್ರಾಂಪಾಳ್ಯ, ಹೊಗೇನಕಲ್. ಕಾಡು, ತಿರುವು, ಆನೆ. ಕತ್ತಲಾಗುವ ಮೊದಲೇ ವಾಪಸ್ ಹೊರಡಿ. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಅಂತ ಈ ಕಡೆಯ ಕಾಡುಗಳನ್ನು ವನ್ಯಧಾಮ ಮಾಡಿದ್ದಾರೆ. ಹಾಗಾಗಿ ಸಿಕ್ಕ ಕಾಲುದಾರಿ ಹಿಡಿದು ಗುಡ್ಡ ಹತ್ತುವುದು ಬೇಡ. ನಡೆಯಲೇಬೇಕು ಅನ್ನುವವರು ಅರಣ್ಯ ಇಲಾಖೆಯನ್ನು ಕೇಳಿ, ಅನುಮತಿ ಸಿಕ್ಕರೆ ಗೈಡ್ ಜೊತೆ ಹೋಗಿ. ಹೊಳೆಯಲ್ಲಿ ಮೊಸಳೆಯೂ ಇದೆ. ಬೋರ್ಡ್ ಸುಮ್ನೆ ಹಾಕಿಲ್ಲ.

ಟೈಮ್ ಇದ್ದರೆ ಮೆಟ್ಟೂರಿಗೂ ಹೋಗಿ. ಕಮರಿ ದಾಟಿದ ಕಾವೇರಿ ಹೋಗಿ ನಿಲ್ಲುವುದು 1934ರಲ್ಲಿ ಮುಗಿದ ಆ ಅಣೆಕಟ್ಟಿನ ಹಿಂದೆ. ಪೂರ್ತಿ ತುಂಬಿದರೆ 120 ಅಡಿ. ನೀರು ತುಂಬಾ ಇಳಿದ ವರ್ಷ ಪಣ್ಣವಾಡಿ ಹತ್ತಿರ ಮುಳುಗಿದ್ದ ನಂದಿ ವಿಗ್ರಹ, ಚರ್ಚಿನ ಗೋಪುರ ಮೇಲೆ ಕಾಣುತ್ತವೆ.

[ದೃಶ್ಯ: ಒಲೆ, ಬಾಣಲೆ, ಮೀನು.]

ಊಟಕ್ಕೆ ಹೋಟೆಲ್ ಹುಡುಕಬೇಡಿ. ಮೀನು ನೀವೇ ಕೊಂಡು ಕೊಟ್ಟರೆ ಅಲ್ಲಿನ ಹೆಂಗಸರು ಸಾರು ಮಾಡಿ, ಹುರಿದು ಕೊಡುತ್ತಾರೆ. ರೇಟ್ ಮೊದಲೇ ಮಾತಾಡಿಕೊಳ್ಳಿ. ಎಣ್ಣೆ ಹಚ್ಚಿ ಮೈ ತಿಕ್ಕುವವರ ಹತ್ತಿರವೂ ಅಷ್ಟೇ. ತಿಕ್ಕಿಸಿಕೊಂಡು ಅರುವಿ, ಅಂದರೆ ಜಲಪಾತದ, ಕೆಳಗೆ ನಿಂತರೆ, ನಾನು ಹೇಳುವುದಿಲ್ಲ, ನೀವೇ ನಿಂತು ನೋಡಿ.

[ದೃಶ್ಯ: ತೆಪ್ಪದಲ್ಲಿ ಅಜ್ಜಿ, ಕಿತ್ತಳೆ ಲೈಫ್ ಜಾಕೆಟ್, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ.]

ಜನವರಿಯಲ್ಲಿ ಮತ್ತೆ ಹೋದೆವು. ಈ ಸಲ ನಂಬರ್ ನೋಡಿಕೊಂಡೇ. ತೆಪ್ಪದವನು ಕಮರಿಯ ನಡುವೆ ನಿಲ್ಲಿಸಿ ನಾಲ್ಕು ಸುತ್ತು ಗಿರ್ರನೆ ತಿರುಗಿಸಿದ. ಅಜ್ಜಿ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ನಿಂತ ಮೇಲೆ ಮೆಲ್ಲಗೆ ಒಂದು ಕಣ್ಣು ಬಿಟ್ಟು, ಗೋಡೆ ನೋಡಿ, ಮೇಲೆ ನೋಡಿ, ನನ್ನನ್ನು ಕೇಳಿದರು:

"ಎಲ್ಲೋ ಹೊಗೆ?"