ಉಣ್ಣೆ ಹೋಯಿತು, ಸ್ವೆಟರ್ ಉಳಿಯಿತು

ನಮಸ್ಕಾರ, ಟೊರಾಂಟೊದಿಂದ ಮಾತಾಡುತ್ತಿದ್ದೇನೆ. ಇವತ್ತು ಹಾಕಿ ವಿಷಯ. ಹಾಕಿ ಅಂದ ಕೂಡಲೇ ನಮಗೆಲ್ಲ ಕೊಡಗು ಕಣ್ಣ ಮುಂದೆ ಬರುತ್ತದೆ, ಅಲ್ವಾ? ಇಲ್ಲಿ ಮಾತ್ರ ಹಾಕಿ ಅಂದರೆ ಐಸ್ ಹಾಕಿ. ನಾನು ಆಟದ ಬಗ್ಗೆ ಹೇಳುವುದಿಲ್ಲ. ಆಟಗಾರರು ಹಾಕುವ ಅಂಗಿಗೆ ಜನ ಏನಂತ ಕರೆಯುತ್ತಾರೆ, ಅದನ್ನು ಹೇಳುತ್ತೇನೆ.

ಇಲ್ಲಿಗೆ ಬಂದ ಮೊದಲ ಚಳಿಗಾಲ. ಪಕ್ಕದ ಮನೆಯ ಅಜ್ಜ ನನ್ನನ್ನು ಕರೆದು ಟೀವಿ ಮುಂದೆ ಕೂರಿಸಿಕೊಂಡರು. ಮಾತು ಮಾತಿಗೂ 'ಸ್ವೆಟರ್' ಅನ್ನುತ್ತಿದ್ದರು. ಆ ಸ್ವೆಟರ್ ನಂಬರ್ ಯಾರದ್ದಿತ್ತು ಗೊತ್ತಾ, ಈ ಸ್ವೆಟರ್ ಹಾಕಬೇಕು ಅಂದರೆ ಪುಣ್ಯ ಬೇಕು, ಹೀಗೆ. ನನಗೆ ಸ್ವೆಟರ್ ಅಂದರೆ ಅಮ್ಮ ಉಲ್ಲನ್ ಉಂಡೆ ಮಡಿಲಲ್ಲಿಟ್ಟುಕೊಂಡು ಎರಡು ಕಡ್ಡಿಯಲ್ಲಿ ಹೆಣೆದದ್ದು. ಕುತ್ತಿಗೆ ಹತ್ತಿರ ಚುಚ್ಚುತ್ತಿತ್ತು. ಟೀವಿಯಲ್ಲಿ ಕಾಣುತ್ತಿದ್ದದ್ದು ಬರೀ ಪಾಲಿಯೆಸ್ಟರ್ ಅಂಗಿ. ಇದಕ್ಕೆ ಯಾಕೆ ಸ್ವೆಟರ್ ಅಂತೀರಿ ಅಂತ ಕೇಳಿಯೇ ಬಿಟ್ಟೆ.

ಅಜ್ಜ ಎದ್ದು ಒಳಗೆ ಹೋದರು. ಒಂದು ನೀಲಿ ಉಣ್ಣೆ ಸ್ವೆಟರ್ ತಂದು ಕೈಗಿಟ್ಟರು. ಹುಡುಗರಾಗಿದ್ದಾಗ ಹಾಕಿ ಆಡುತ್ತಿದ್ದದ್ದು. ನುಸಿಗುಳಿಗೆ ವಾಸನೆ. ಮೊಣಕೈ ಹತ್ತಿರ ಯಾರೋ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಬೆನ್ನಿನ ಮೇಲಿನ ನಂಬರನ್ನು ದಪ್ಪ ಬಟ್ಟೆಯಲ್ಲಿ ಕತ್ತರಿಸಿ ಹೊಲಿದಿದ್ದರು, ಅದರ ಒಂದು ಮೂಲೆ ಎದ್ದಿತ್ತು. ಎಷ್ಟು ಭಾರ ಅಂತೀರಿ! ಬೆವರಿಗೆ, ಹಿಮಕ್ಕೆ ನೆನೆದರೆ ಇನ್ನೂ ಭಾರ. ಆಗ ಅರ್ಥವಾಯಿತು. ಈ ಆಟ ಶುರುವಾದದ್ದು ಹೆಪ್ಪುಗಟ್ಟಿದ ಕೆರೆ, ನದಿಗಳ ಮೇಲೆ. ಬಯಲಲ್ಲಿ ಆ ಚಳಿಗೆ ಉಣ್ಣೆ ಬಿಟ್ಟರೆ ಬೇರೆ ಏನು ಹಾಕುತ್ತಾರೆ?

ಆಮೇಲೆ ನಿಧಾನಕ್ಕೆ ಉಣ್ಣೆ ಹೋಯಿತು, ಹಗುರವಾದ ಬಟ್ಟೆ ಬಂತು. ಆದರೂ ಹಳಬರ ಬಾಯಲ್ಲಿ ಸ್ವೆಟರ್ ಸ್ವೆಟರೇ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಟಾಕೀಸು ಹೋಗಿ ಎಷ್ಟು ಕಾಲವಾಯಿತು? ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಆದರೂ ಕಂಡಕ್ಟರ್ ಕೂಗುವುದು "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತಲೇ.

ಮಾಂಟ್ರಿಯಲ್‌ನವರದ್ದು ಇನ್ನೂ ಒಂದು ಹೆಜ್ಜೆ ಮುಂದೆ. 1909ರಲ್ಲಿ ಹುಟ್ಟಿದ ಅವರ ಕೆನೇಡಿಯನ್ಸ್ ತಂಡದ ಅಂಗಿಗೆ ಅಲ್ಲಿನ ಫ್ರೆಂಚ್ ಮಾತಾಡುವ ಜನ ಇಟ್ಟ ಹೆಸರು 'ಸೇಂತ್ ಫ್ಲಾನೆಲ್'. ಪವಿತ್ರ ಫ್ಲಾನೆಲ್ ಅಂತ ಅರ್ಥ; ಫ್ಲಾನೆಲ್ ಅಂದರೆ ಮೆತ್ತನೆಯ ಉಣ್ಣೆ ಬಟ್ಟೆ. ಇದು ಸುಮ್ನೆ ಬಂದ ಮಾತಲ್ಲ. ಇಲ್ಲಿನ ಡ್ರೆಸಿಂಗ್ ರೂಮುಗಳಲ್ಲಿ ನೆಲದ ಮೇಲೆ ತಂಡದ ಲಾಂಛನ ಇದ್ದರೆ ಅದನ್ನು ತುಳಿಯಬಾರದು ಅನ್ನುವ ರೂಢಿ ಇದೆ. ಅಂಗಿಯನ್ನೂ ನೆಲಕ್ಕೆ ಬಿಸಾಡುವುದಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಅದೇ ಭಾವ.

ಅಂಗಿ ಮಾಡುವುದು ಕಂಪನಿ, ಮಾರುವುದೂ ಕಂಪನಿ. ಹೆಸರಿಡುವ ಹಕ್ಕು ಮಾತ್ರ ಜನರದ್ದು. ಇದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ನ್ಯೂಯಾರ್ಕ್ ಐಲ್ಯಾಂಡರ್ಸ್ ಕಥೆ ಕೇಳಿ.

ಈ ತಂಡ 1980ರಿಂದ 1983ರವರೆಗೆ ಸತತ ನಾಲ್ಕು ಸಲ ಸ್ಟ್ಯಾನ್ಲಿ ಕಪ್, ಅಂದರೆ ಇಲ್ಲಿನ ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿ, ಗೆದ್ದಿತ್ತು. ಆಗ ಅಂಗಿಯ ಎದೆ ಮೇಲೆ ತಂಡದ ನೆಲೆಯಾದ ಲಾಂಗ್ ಐಲ್ಯಾಂಡ್ ದ್ವೀಪದ ನಕ್ಷೆ ಇತ್ತು. 1995ರಲ್ಲಿ ಅದನ್ನು ತೆಗೆದುಹಾಕಿ ಮಳೆಕೋಟು ತೊಟ್ಟ, ಹಾಕಿ ಕೋಲು ಹಿಡಿದ ಗಡ್ಡದ ಮೀನುಗಾರನನ್ನು ತಂದು ಕೂರಿಸಿದರು. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಗಾರ್ಟನ್ಸ್ ಫ್ರೋಜನ್ ಮೀನಿನ ಪೊಟ್ಟಣದ ಮೇಲೂ ಅಂಥವನೇ ಒಬ್ಬ ಇದ್ದಾನೆ. ಎದುರಾಳಿ ರೇಂಜರ್ಸ್ ಅಭಿಮಾನಿಗಳು ಬಿಡುತ್ತಾರಾ? "ನಮಗೆ ಫಿಶ್‌ಸ್ಟಿಕ್ಸ್ ಬೇಕು" ಅಂತ, ಅಂದರೆ ಪೊಟ್ಟಣದಲ್ಲಿ ಬರುವ ಆ ಮೀನಿನ ತುಂಡು ಬೇಕು ಅಂತ, ಒಟ್ಟಿಗೆ ಕೂಗಿದರು. ಎರಡೇ ಸೀಸನ್ನಿಗೆ ಮೀನುಗಾರ ಎದ್ದು ಹೋದ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವತ್ತು ಆ ಅಂಗಿ ನೋಡಿ ತಲೆ ತಗ್ಗಿಸಿದವರೇ ಆಮೇಲೆ ಅದನ್ನು ಹುಡುಕಿ ಹುಡುಕಿ ಕೊಂಡರು. 2022ರಲ್ಲಿ ಈ ತಂಡಗಳೆಲ್ಲ ಆಡುವ ಎನ್‌ಎಚ್‌ಎಲ್ ಲೀಗ್ ಅದನ್ನು ಮತ್ತೆ ತಂದಿತು. ಲೀಗ್ ಕೊಟ್ಟ ಹೆಸರು 'ರಿವರ್ಸ್ ರೆಟ್ರೊ'. ಜನರ ಬಾಯಲ್ಲಿ ಅದು 'ಫಿಶರ್‌ಮನ್' ಅಷ್ಟೇ. ನನಗೆ ಇದು ತುಂಬಾ ಇಷ್ಟ. ಬೈದು ಇಟ್ಟ ಹೆಸರಾದರೂ ಕರೆದೂ ಕರೆದೂ ಮುದ್ದಿನ ಹೆಸರಾಗಿಬಿಡುತ್ತದೆ. ನಮ್ಮೂರ ಕಡೆ ಅಡ್ಡಹೆಸರುಗಳೂ ಹೀಗೇ ಅಲ್ವಾ?

ಹಾಗಂತ ಎಲ್ಲ ಅಡ್ಡಹೆಸರಿಗೂ ಈ ಭಾಗ್ಯ ಇಲ್ಲ. ಬಫಲೊ ತಂಡ 2006ರಲ್ಲಿ ತಂದ ಕಾಡೆಮ್ಮೆ ಚಿತ್ರ ಜನರ ಕಣ್ಣಿಗೆ ಸ್ಲಗ್, ಅಂದರೆ ಚಿಪ್ಪಿಲ್ಲದ ಬಸವನಹುಳುವಿನ ಹಾಗೆ ಕಂಡಿತು. 'ಬಫಸ್ಲಗ್' ಅಂದರು. ನಾಲ್ಕು ವರ್ಷಕ್ಕೆ ಅದೂ ಹೋಯಿತು.

ಇನ್ನೊಂದು ಘಟನೆ ಹೇಳಲೇಬೇಕು. 2014ರ ಮಾರ್ಚ್, ಎಡ್ಮಂಟನ್. ಆ ಊರಿನ ತಂಡ ಆಯಿಲರ್ಸ್ ತಮ್ಮ ಮನೆಯಂಗಳದಲ್ಲೇ ಕ್ಯಾಲ್ಗರಿ ಎದುರು 8-1ರಲ್ಲಿ ಸೋಲುತ್ತಿದ್ದಾರೆ. ಒಬ್ಬ ಅಭಿಮಾನಿ ಸಿಟ್ಟಿಗೆ ಮೈಮೇಲಿನ ಅಂಗಿ ತೆಗೆದು ಐಸ್ ಮೇಲೆ ಎಸೆದ. ಆಯಿಲರ್ಸ್ ಗೋಲಿ, ಅಂದರೆ ಗೋಲ್‌ಕೀಪರ್, ಬೆನ್ ಸ್ಕ್ರಿವೆನ್ಸ್ ಅದನ್ನು ಎತ್ತಿ ವಾಪಸ್ ಪ್ರೇಕ್ಷಕರ ಕಡೆಗೇ ಎಸೆದರು. ನಾನು ಗೋಲಿಯ ಪರ. ಗೆದ್ದಾಗ ನಮ್ಮದು, ಸೋತಾಗ ನಿಮ್ಮದು ಅಂದರೆ ಹೇಗೆ? ಆದರೆ ಎಸೆದವನ ಸಂಕಟವೂ ನನಗೆ ಗೊತ್ತು. ಸ್ವಂತದ್ದು ಅನ್ನಿಸದ ವಸ್ತುವನ್ನು ಯಾರೂ ಅಷ್ಟು ಸಿಟ್ಟಲ್ಲಿ ಎಸೆಯುವುದಿಲ್ಲ.

2022-23ರ ಸೀಸನ್‌ನಿಂದ ಈ ಅಂಗಿಗಳ ಎದೆ ಮೇಲೆ ಜಾಹೀರಾತೂ ಬಂದಿದೆ. ನನಗೆ ಅದು ಕಣ್ಣಿಗೆ ಚುಚ್ಚುತ್ತದೆ. ಅಂಗಿ ಹೊಲಿಯುವ ಕಂಪನಿಯೂ ಬದಲಾಗುತ್ತಾ ಇರುತ್ತದೆ. ಅಡಿಡಾಸ್ ಹೋಯಿತು, 2024ರಲ್ಲಿ ಫನಾಟಿಕ್ಸ್ ಬಂತು. ನಾಳೆ ಇನ್ಯಾರೋ. ಅಂಗಡಿಯ ಚೀಟಿಯಲ್ಲಿ ಜೆರ್ಸಿ ಅಂತ ಬರೆದಿರುತ್ತದೆ, ಇಲ್ಲಿನ ಹೊಸ ಹುಡುಗರೂ ಜಾಸ್ತಿ ಹಾಗೇ ಅನ್ನುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ನಮ್ಮ ಮನೆಯಲ್ಲಿ ಅದು ಸ್ವೆಟರ್. ಆ ಅಜ್ಜ ಈಗಿಲ್ಲ. ಅವರಿಂದ ಕಲಿತ ಮಾತನ್ನು ಬಿಡಲು ನನಗೆ ಮನಸ್ಸಿಲ್ಲ.

ಕಳೆದ ಚಳಿಗಾಲ ಮಗಳಿಗೆ ನಮ್ಮ ಟೊರಾಂಟೊದ ಮೇಪಲ್ ಲೀಫ್ಸ್ ತಂಡದ್ದೊಂದು ಸ್ವೆಟರ್ ತಂದೆ. ಎರಡು ವರ್ಷವಾದರೂ ಬರಲಿ ಅಂತ ಒಂದು ಸೈಜ್ ದೊಡ್ಡದೇ ತಂದೆ. ಅದೇ ತಿಂಗಳು ಊರಿಂದ ಅಮ್ಮ ಹೆಣೆದ ಕೆಂಪು ಸ್ವೆಟರೂ ಬಂತು. ಈಗ ಬೆಳಿಗ್ಗೆ ಬೆಳಿಗ್ಗೆ ಅವಳು "ಅಪ್ಪಾ, ನನ್ನ ಸ್ವೆಟರ್ ಎಲ್ಲಿ?" ಅಂತ ಕೂಗಿದರೆ ನಾನು ತಿರುಗಿ ಕೇಳಬೇಕು: "ಯಾವುದಮ್ಮಾ, ಹಾಕಿದೋ, ಅಜ್ಜೀದೋ?"