ಸಹಿ ಹಾಕಿದ ಕೈ, ಸ್ಟೀರಿಂಗ್ ಹಿಡಿದ ಕೈ

ಎಲ್ಲರಿಗೂ ನಮಸ್ಕಾರ.

ಇಸ್ರೇಲ್ ಎಂದರೆ ಕರಾವಳಿಯ ನಮಗೆ ಪತ್ರಿಕೆಯ ವಿದೇಶ ಪುಟದ ಸುದ್ದಿಯಷ್ಟೇ ಅಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮಂದಿ ಅಲ್ಲಿ ವೃದ್ಧರ ಆರೈಕೆ ಮಾಡಿಕೊಂಡಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಅವರ ಮನೆಯವರು ಫೋನ್ ಕೈಯಿಂದ ಕೆಳಗಿಡದೆ ಕೂತಿದ್ದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಆದರೆ ಇಂದು ಯುದ್ಧದ ಕಥೆ ಹೇಳಲು ನಾನು ಬಂದಿಲ್ಲ. ಶಾಂತಿಗಾಗಿ ಅಲ್ಲಿ ಯಾರು ಏನು ಮಾಡಿದರು, ಯಾವುದು ನಿಂತಿತು, ಯಾವುದು ಕೊಚ್ಚಿಹೋಯಿತು ಎಂಬುದಷ್ಟೇ ನನ್ನ ವಿಷಯ.

ಮೊದಲು ದೊಡ್ಡವರ ಮೇಜಿಗೆ ಹೋಗೋಣ. 1977ರ ನವೆಂಬರ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ಜೆರುಸಲೇಮಿಗೆ ಹೋಗಿ ಇಸ್ರೇಲಿನ ಸಂಸತ್ತಿನಲ್ಲಿ ಮಾತನಾಡಿದರು. ನಾಲ್ಕೇ ವರ್ಷ ಹಿಂದೆ ಅದೇ ದೇಶದ ಮೇಲೆ ಸೈನ್ಯ ನುಗ್ಗಿಸಿದ್ದ ಮನುಷ್ಯ! ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸಾದಾತ್ ಅವರನ್ನೂ ಇಸ್ರೇಲಿನ ಪ್ರಧಾನಿ ಮೆನಾಹೆಮ್ ಬೆಗಿನ್ ಅವರನ್ನೂ ತಮ್ಮ ಅಧಿಕೃತ ವಿಶ್ರಾಂತಿಧಾಮವಾದ ಕ್ಯಾಂಪ್ ಡೇವಿಡ್‌ಗೆ ಕರೆಸಿ ಹದಿಮೂರು ದಿನ ಉಳಿಸಿಕೊಂಡರು. ಆರಂಭದಲ್ಲೇ ಮಾತು ಎಷ್ಟು ಬಿಸಿಯೇರಿತೆಂದರೆ, ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸುವ ಗೋಜಿಗೇ ಕಾರ್ಟರ್ ಹೋಗಲಿಲ್ಲ. ಕರಡು ಹಿಡಿದು ಆ ಕುಟೀರಕ್ಕೊಮ್ಮೆ, ಈ ಕುಟೀರಕ್ಕೊಮ್ಮೆ ತಿರುಗಿದರು. ಆಸ್ತಿ ಪಾಲಿನ ಜಗಳದಲ್ಲಿ ಅಣ್ಣನ ಜಗಲಿಗೂ ತಮ್ಮನ ಜಗಲಿಗೂ ಎಡತಾಕುವ ಊರ ಹಿರಿಯರ ಕೆಲಸವೇ ಅದು.

ಕೊನೆಯ ದಿನ ಜೆರುಸಲೇಮಿನ ಕುರಿತ ಒಂದು ಪತ್ರದ ವಿಚಾರಕ್ಕೆ ಬೆಗಿನ್ ಸಹಿ ಹಾಕುವುದಿಲ್ಲವೆಂದು ಪಟ್ಟು ಹಿಡಿದರು. ಅದಕ್ಕೆ ಮೊದಲು ಅವರು ತಮ್ಮ ಮೊಮ್ಮಕ್ಕಳಿಗೆಂದು ಫೋಟೋಗಳ ಮೇಲೆ ಕಾರ್ಟರ್ ಅವರ ಹಸ್ತಾಕ್ಷರ ಕೇಳಿದ್ದರು. ಕಾರ್ಟರ್ ಅವರ ಕಾರ್ಯದರ್ಶಿ ಮೊಮ್ಮಕ್ಕಳ ಹೆಸರುಗಳನ್ನು ವಿಚಾರಿಸಿಟ್ಟಿದ್ದರು. ಎಂಟು ಫೋಟೋ, ಒಂದೊಂದರ ಮೇಲೂ ಒಂದೊಂದು ಹೆಸರು. ಕಾರ್ಟರ್ ತಾವೇ ಒಯ್ದು ಕೊಟ್ಟರು. ಬೆಗಿನ್ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾ ಹೋದರು. ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿನಲ್ಲೇ ಪತ್ರದ ಹೊಸ ಒಕ್ಕಣೆಗೆ ಒಪ್ಪಿದರು.

ಫೋಟೋಗಳಿಂದಲೇ ಶಾಂತಿ ಬಂತು ಎಂದರೆ ಅದು ಹರಿಕಥೆಯಾದೀತು. 1967ರ ಯುದ್ಧದಲ್ಲಿ ಈಜಿಪ್ಟಿನಿಂದ ಕಿತ್ತುಕೊಂಡಿದ್ದ ಸಿನಾಯ್ ಮರುಭೂಮಿಯನ್ನು ಬಿಟ್ಟುಕೊಡಲು ಇಸ್ರೇಲ್ ಒಪ್ಪಿತ್ತು. ಲೆಕ್ಕ ಅಲ್ಲಿ ಕೂಡಿತ್ತು. 1979ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು, 1982ರ ಏಪ್ರಿಲ್‌ನಲ್ಲಿ ಇಸ್ರೇಲಿ ಸೇನೆ ಸಿನಾಯ್ ತೊರೆಯಿತು. ಅದನ್ನು ನೋಡಲು ಸಾದಾತ್ ಇರಲಿಲ್ಲ. ಆರು ತಿಂಗಳು ಮೊದಲೇ ಸೇನಾ ಪಥಸಂಚಲನದ ನಡುವೆ ಗುಂಡಿಗೆ ಬಲಿಯಾಗಿದ್ದರು. ಒಪ್ಪಂದ ಇಂದಿಗೂ ಮುರಿದಿಲ್ಲ. ಆದರೆ ಅದು ಇಂದಿಗೂ ಸರ್ಕಾರಗಳ ನಡುವಿನ ಒಪ್ಪಂದವೇ. ಅದನ್ನು ‘ತಣ್ಣನೆಯ ಶಾಂತಿ’ ಎನ್ನುತ್ತಾರೆ. ಪ್ಯಾಲೆಸ್ತೀನಿಯರ ಪ್ರಶ್ನೆಯಂತೂ ಅಲ್ಲಿ ಅರ್ಧಕ್ಕೇ ಉಳಿಯಿತು.

ಆ ಪ್ರಶ್ನೆಗೆ ಕೈ ಹಾಕಿದ್ದು ಓಸ್ಲೋ ಒಪ್ಪಂದ. 1993ರ ಜನವರಿಯಲ್ಲಿ ನಾರ್ವೆಯ ಸಾರ್ಪ್ಸ್‌ಬೋರ್ಗ್ ಎಂಬ ಊರಿನ ಹೊರವಲಯದ ದೊಡ್ಡ ಮನೆಯೊಂದರಲ್ಲಿ ಇಸ್ರೇಲಿನ ಇಬ್ಬರು ಇತಿಹಾಸ ವಿದ್ವಾಂಸರು, ಯಾಯಿರ್ ಹಿರ್ಷ್‌ಫೆಲ್ಡ್ ಮತ್ತು ರಾನ್ ಪುಂಡಾಕ್, ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯ ಅಹ್ಮದ್ ಕುರೈ ಅವರೊಡನೆ ಗುಟ್ಟಾಗಿ ಕೂತರು. ಅಧಿಕಾರಿಗಳ ಬದಲು ವಿದ್ವಾಂಸರೇಕೆ? ಮಾತು ಮುರಿದುಬಿದ್ದರೆ ‘ಅವರು ಯಾರೋ ಮೇಷ್ಟ್ರುಗಳು, ನಮಗೆ ಸಂಬಂಧವಿಲ್ಲ’ ಎಂದು ಸರ್ಕಾರ ಕೈತೊಳೆದುಕೊಳ್ಳಬಹುದಲ್ಲ! ಸೆಪ್ಟೆಂಬರ್ 13ಕ್ಕೆ ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲಿನ ಪ್ರಧಾನಿ ಇತ್ಸಾಕ್ ರಾಬಿನ್ ಮತ್ತು ಆ ವಿಮೋಚನಾ ಸಂಘಟನೆಯ ನಾಯಕ ಯಾಸಿರ್ ಅರಾಫತ್ ಕೈ ಕುಲುಕಿದರು.

ಜೆರುಸಲೇಮ್, ನಿರಾಶ್ರಿತರು, ಯಹೂದಿ ವಸಾಹತುಗಳು, ಗಡಿ ಎಲ್ಲವನ್ನೂ ಓಸ್ಲೋ ‘ಆಮೇಲೆ ನೋಡೋಣ’ ಎಂದು ಬದಿಗಿಟ್ಟಿತು. ಒಪ್ಪಂದ ಬೇಡವಾದವರಿಗೆ ಅಷ್ಟು ಸಮಯ ಸಾಕಾಯಿತು. 1994ರ ಫೆಬ್ರವರಿಯಲ್ಲಿ ಹೆಬ್ರಾನಿನಲ್ಲಿ ನಮಾಜಿಗೆ ನಿಂತಿದ್ದ 29 ಮಂದಿಯನ್ನು ಒಬ್ಬ ಯಹೂದಿ ವಸಾಹತುಗಾರ ಕೊಂದ. ಹಮಾಸ್ ಬಸ್ಸುಗಳಲ್ಲಿ ಬಾಂಬ್ ಸಿಡಿಸಿತು. 1995ರ ನವೆಂಬರ್ 4ರಂದು ರಾಬಿನ್ ಅವರನ್ನು ಯಹೂದಿ ಯುವಕನೊಬ್ಬ ಶಾಂತಿ ಸಭೆಯ ಹೊರಗೇ ಗುಂಡಿಟ್ಟು ಕೊಂದ. ಇಸ್ರೇಲ್ ವಶದಲ್ಲಿರುವ ಪ್ಯಾಲೆಸ್ತೀನಿ ಪ್ರದೇಶವಾದ ಪಶ್ಚಿಮ ದಂಡೆಯಲ್ಲಿ ವಸಾಹತುಗಳು ಮಾತ್ರ ಬೆಳೆಯುತ್ತಲೇ ಹೋದವು. ಶಾಂತಿ ಒಪ್ಪಂದದ ನಂತರ ಸಾಮಾನ್ಯ ಪ್ಯಾಲೆಸ್ತೀನಿಯನಿಗೆ ಓಡಾಟ ಸುಲಭವಾಗಬೇಕಿತ್ತು. ಅವನ ಪಾಲಿಗೆ ಹೆಚ್ಚಿದ್ದು ಪರವಾನಗಿ ಚೀಟಿಗಳು ಮತ್ತು ತಪಾಸಣಾ ಗೇಟುಗಳು.

ಈ ಗೇಟುಗಳ ಬಳಿಗೇ ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೆ. ಬೆಳಕು ಹರಿಯುವ ಹೊತ್ತು. ಗೇಟಿನ ಈಚೆ ಇಸ್ರೇಲಿ ನಂಬರಿನ ಒಂದು ಕಾರು, ಒಳಗೆ ನಿವೃತ್ತರೊಬ್ಬರು. ಗೇಟಿನ ಆಚೆಯಿಂದ ಕಾಯಿಲೆಯ ಮಗುವನ್ನು ಎತ್ತಿಕೊಂಡು ತಂದೆಯೋ ಅಜ್ಜಿಯೋ ನಡೆದು ಬರುತ್ತಾರೆ, ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಚೀಲ. ಭಾಷೆ ಬಾರದಿದ್ದರೆ ನಗುವೇ ಮಾತು. ಟೆಲ್ ಅವೀವ್ ಬಳಿಯ ಶೆಬಾ ಆಸ್ಪತ್ರೆಗೋ ಹೈಫಾದ ರಂಬಮ್ ಆಸ್ಪತ್ರೆಗೋ ಪ್ರಯಾಣ. ಸಂಜೆ ವಾಪಸ್ ಬಿಡಲು ಇನ್ನೊಂದು ಕಾರು.

ಈ ಕೆಲಸ ಶುರು ಮಾಡಿದವರು ಯುವಾಲ್ ರಾತ್. 1993ರಲ್ಲಿ ಅವರ ಸೋದರನನ್ನು ಹಮಾಸ್ ಕೊಂದಿತ್ತು. ಹೀಗೆ ಮನೆಯವರನ್ನು ಕಳೆದುಕೊಂಡ ಇಸ್ರೇಲಿ, ಪ್ಯಾಲೆಸ್ತೀನಿ ಕುಟುಂಬಗಳೆರಡೂ ಸೇರಿ ಕೂರುವ ಒಂದು ವೇದಿಕೆಯಿದೆ. ‘ಪೇರೆಂಟ್ಸ್ ಸರ್ಕಲ್’ ಎಂದು ಹೆಸರು. ಅಲ್ಲಿ ಪರಿಚಯವಾದ ಪ್ಯಾಲೆಸ್ತೀನಿಯೊಬ್ಬರು, ಕಾಯಿಲೆಯಾದ ನನ್ನ ತಮ್ಮನನ್ನು ಆಸ್ಪತ್ರೆಗೆ ಮುಟ್ಟಿಸಬಹುದೇ ಎಂದು ಕೇಳಿದರು. ರಾತ್ ಮುಟ್ಟಿಸಿದರು. ಬಾಯಿಂದ ಬಾಯಿಗೆ ಸುದ್ದಿ ಹೋಯಿತು. 2010ರಲ್ಲಿ ಅದೇ ‘ಚೇತರಿಕೆಯ ದಾರಿ’ ಎಂಬ ಸಂಸ್ಥೆಯಾಯಿತು.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಂತಹ ಒಡನಾಟಗಳನ್ನು ಅನೇಕ ಪ್ಯಾಲೆಸ್ತೀನಿಯರು ‘ಎಲ್ಲವೂ ಸರಿಯಿದೆ ಎಂಬ ನಟನೆ’ ಎನ್ನುತ್ತಾರೆ. ಮಗುವಿಗೆ ಕಾರು ಬೇಕಾದದ್ದೇ ಆ ಗೇಟು ಅಲ್ಲಿರುವುದರಿಂದ. ಗೇಟು ತೆಗೆಯದೆ ಕಾರು ಕೊಟ್ಟರೆ ಏನು ಬಂತು? ನಿಜ. ಆದರೆ ಮಗುವಿನ ಕಾಯಿಲೆ ಗೇಟು ತೆಗೆಯುವವರೆಗೆ ಕಾಯುವುದಿಲ್ಲ. ನನ್ನ ಮಟ್ಟಿಗೆ ಯಾವ ಒಪ್ಪಂದವನ್ನೂ ಅಳೆಯುವ ಕೋಲು ಇದೇ: ಅದರಿಂದ ಆ ಅಜ್ಜಿಯ ನಡಿಗೆ ಎಷ್ಟು ಮಾರು ಕಡಿಮೆಯಾಯಿತು? ಇಸ್ರೇಲ್ ಯುಎಇಯಂತಹ ಅರಬ್ ದೇಶಗಳೊಡನೆ ಮಾಡಿಕೊಂಡ 2020ರ ಅಬ್ರಹಾಂ ಒಪ್ಪಂದಗಳಿಂದ ದುಬೈಗೆ ವಿಮಾನ ಹಾರಿತು. ಅಜ್ಜಿ ಇದ್ದಲ್ಲೇ ಇದ್ದಳು.

ಕಾರು ಓಡಿಸುತ್ತಿದ್ದವರಲ್ಲಿ ವಿವಿಯನ್ ಸಿಲ್ವರ್ ಒಬ್ಬರು. ಕೆನಡಾದಲ್ಲಿ ಹುಟ್ಟಿ, ಗಾಜಾ ಗಡಿಗಂಟಿದ ಬೆಯೆರಿ ಎಂಬ ಕಿಬುಟ್ಸ್‌ನಲ್ಲಿ, ಅಂದರೆ ಸಾಮುದಾಯಿಕ ಹಳ್ಳಿಯಲ್ಲಿ, ನೆಲೆಸಿದವರು. ಗಾಜಾದ ರೋಗಿಗಳನ್ನು ಎರೆಜ್ ಗೇಟಿನಿಂದ ಕರೆದೊಯ್ಯುತ್ತಿದ್ದರು. 2014ರ ಗಾಜಾ ಯುದ್ಧದ ನಂತರ ‘ಶಾಂತಿಗಾಗಿ ಹೋರಾಡುವ ಮಹಿಳೆಯರು’ ಎಂಬ ಚಳವಳಿ ಕಟ್ಟಿದವರಲ್ಲಿಯೂ ಅವರಿದ್ದರು. 2023ರ ಅಕ್ಟೋಬರ್ 4ರಂದು ಈ ಮಹಿಳೆಯರು ಮತ್ತು ಪ್ಯಾಲೆಸ್ತೀನಿನ ‘ಸೂರ್ಯನ ಮಹಿಳೆಯರು’ ಜೆರುಸಲೇಮಿನಲ್ಲಿ, ಮೃತ ಸಮುದ್ರದ ದಂಡೆಯಲ್ಲಿ ಒಟ್ಟಾಗಿ ಸೇರಿದ್ದರು. ಮೂರು ದಿನ ಕಳೆದು ಹಮಾಸ್ ದಾಳಿ ನಡೆಯಿತು. ವಿವಿಯನ್ ಒತ್ತೆಯಾಳಾಗಿರಬಹುದು ಎಂದು ಮನೆಯವರು ತಿಂಗಳಿಗೂ ಹೆಚ್ಚು ಕಾಲ ನಂಬಿದ್ದರು. ಅವರು ಆ ದಿನವೇ ತಮ್ಮ ಮನೆಯಲ್ಲಿ ಕೊಲೆಯಾಗಿದ್ದರು. ಗಡಿಯ ಆಚೆ ಗಾಜಾದಲ್ಲಿ ಆಮೇಲೆ ಸತ್ತವರು ಹತ್ತಾರು ಸಾವಿರ.

ವಿವಿಯನ್ ಅವರ ಮಗ ಯೋನಾತಾನ್ ಝೈಗೆನ್ ಸಮಾಜಕಾರ್ಯದ ನೌಕರಿ ಬಿಟ್ಟು ತಾಯಿಯ ಕೆಲಸಕ್ಕೆ ಇಳಿದರು. ಪಶ್ಚಿಮ ದಂಡೆಯ ಗೇಟುಗಳ ಬಳಿ ಮುಂಜಾನೆ ಕಾರುಗಳು ಮತ್ತೆ ಬಂದು ನಿಂತವು. ವಿವಿಯನ್ ರೋಗಿಗಳಿಗಾಗಿ ಕಾಯುತ್ತಿದ್ದ ಎರೆಜ್ ಗೇಟಿಗೆ ಮಾತ್ರ ಕಾರುಗಳು ಹೋಗಲಿಲ್ಲ. ಆ ದಾಳಿಯ ದಿನವೇ ಗಾಜಾದ ರೋಗಿಗಳಿಗೆ ಅದು ಮುಚ್ಚಿತು.

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.