ಕಲಬುರಗಿ ಬಿಸಿಲಲ್ಲಿ ಬಾಲ್ ಪೈಥಾನ್ ಗೂಡಿನ ತೇವ ಕಾಪಾಡುವುದು ಹೇಗೆ?

[ದೃಶ್ಯ: ಗಾಜಿನ ಗೂಡು, ಒಳಗೆ ಬಾಲ್ ಪೈಥಾನ್, ಪಕ್ಕದಲ್ಲಿ ಸ್ಪ್ರೇ ಬಾಟಲಿ]

ನಮಸ್ಕಾರ. ಮೇ ತಿಂಗಳು, ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲು. ಗೂಡಿಗೆ ನೀರು ಚಿಮುಕಿಸುತ್ತೀರಿ, ತೇವಾಂಶದ ಮೀಟರ್ ಸರಕ್ಕನೆ ಏರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೆಳಗೆ. ಜಾಲರಿ ಮುಚ್ಚಳದಿಂದ ತೇವ ಪೂರ್ತಿ ಹೊರಗೆ ಹೋಗುತ್ತಿದೆ. ನಮ್ಮ ಕಡೆ ನೀರು ಹಾಕುವುದಕ್ಕಿಂತ ಹಾಕಿದ ತೇವವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಲದಲ್ಲಿ ಸಿಕ್ಕ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಬಾಲ್ ಪೈಥಾನ್ ಆಫ್ರಿಕಾದ ಹಾವು. ಅದಕ್ಕೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು.

[ದೃಶ್ಯ: ಮುಚ್ಚಳದ ಕ್ಲೋಸಪ್]

ಈ ಹಾವಿಗೆ ಸುಮಾರು 60ರಿಂದ 75 ಪರ್ಸೆಂಟ್ ತೇವಾಂಶ ಬೇಕು. ಜಾಲರಿಯ ಬಹುಪಾಲನ್ನು ಅಕ್ರಿಲಿಕ್ ಶೀಟಿನಿಂದ ಮುಚ್ಚಿ, ಗಾಳಿ ಆಡಲು ಒಂದು ಪಟ್ಟಿ ಬಿಡಿ. ಬಲ್ಬ್ ಇರುವ ಜಾಗಕ್ಕೆ ಶೀಟ್ ಬೇಡ. ಕೆಳಗೆ ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳು ದಪ್ಪ ಹಾಕಿ. ನೀರನ್ನು ಮೂಲೆಗಳಲ್ಲಿ ಸುರಿಯಿರಿ. ತಳ ಒದ್ದೆ, ಮೇಲ್ಪದರ ಒಣ, ಹಾಗಿರಬೇಕು. ಹಾವು ಒದ್ದೆಯ ಮೇಲೇ ಮಲಗಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ.

ಡಯಲ್ ಮೀಟರ್ ನಂಬಬೇಡಿ, ಡಿಜಿಟಲ್ ತಗೊಳ್ಳಿ. ಎರಡು ಇಡಿ, ಬಿಸಿ ಬದಿಗೊಂದು, ತಂಪು ಬದಿಗೊಂದು. ಗಾಳಿ ಬಿಸಿಯಾದಷ್ಟೂ ಜಾಸ್ತಿ ಆವಿ ಹಿಡಿಯಬಲ್ಲದು, ಅದಕ್ಕೇ ಆವಿ ಅಷ್ಟೇ ಇದ್ದರೂ ಬಿಸಿ ಬದಿಯ ಪರ್ಸೆಂಟ್ ಕಡಿಮೆ ತೋರಿಸುತ್ತದೆ. ಮೀಟರ್ ಸರಿ ಇದೆಯಾ ಅಂತ ನೋಡಲು ಸ್ವಲ್ಪ ನೀರು ಹಾಕಿ ಹಸಿ ಮಾಡಿದ ಉಪ್ಪಿನ ಜೊತೆ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. 75ರ ಹತ್ತಿರ ತೋರಿಸಬೇಕು.

[ದೃಶ್ಯ: ಕೋಣೆ, ಕಿಟಕಿಯಲ್ಲಿ ಕೂಲರ್]

ಕೂಲರ್ ಎಲ್ಲರ ಮನೆಯಲ್ಲೂ ಇದೆ ಅಲ್ವಾ? ಅದು ಕೋಣೆಯ ಗಾಳಿಗೆ ತೇವ ತುಂಬುತ್ತದೆ, ನಮಗೆ ದೊಡ್ಡ ಸಹಾಯ. ಆದರೆ ಅದರ ಗಾಳಿ ನೇರವಾಗಿ ಗೂಡಿಗೆ ಬಡಿಯಬಾರದು. ಗೂಡನ್ನು ಮಾಳಿಗೆ ಕೋಣೆಯಿಂದ ಕೆಳಗಿಳಿಸಿ, ಶಹಾಬಾದ್ ಫರ್ಸಿ ಹಾಸಿದ ತಂಪು ಕೋಣೆಯಲ್ಲಿಡಿ. ಗೂಡಿನೊಳಗೇ 35 ಡಿಗ್ರಿ ದಾಟುತ್ತಿದ್ದರೆ ತೇವದ ಚಿಂತೆ ಆಮೇಲೆ, ಮೊದಲು ಬಿಸಿ ಇಳಿಸಿ. ಮಳೆಗಾಲ ಬಂದ ಮೇಲೆ ಶೀಟ್ ಸರಿಸಿ, ನೀರು ಕಡಿಮೆ ಮಾಡಿ. ಕಟ್ಟಿಹೋದ ತೇವದಲ್ಲಿ ಬೂಷ್ಟು ಬರುತ್ತದೆ, ಹಾವಿಗೆ ಉಸಿರಾಟದ ಸೋಂಕೂ ತಗುಲಬಹುದು.

ಕಣ್ಣು ಮಂಜಾದರೆ ಪೊರೆ ಬಿಡುವ ಸಮಯ ಬಂತು ಅಂತ ಅರ್ಥ. ಮುಚ್ಚಿದ ಡಬ್ಬಿಗೆ ಹಾವು ನುಸುಳುವಷ್ಟು ತೂತು ಮಾಡಿ, ಒಳಗೆ ಒದ್ದೆ ಪಾಚಿ (ಮಾಸ್) ಹಾಕಿ ಗೂಡಿನಲ್ಲಿಡಿ. ಪೊರೆ ಬಿದ್ದ ಮೇಲೆ ಅದರಲ್ಲಿ ಎರಡೂ ಕಣ್ಣಿನ ಪದರ, ಬಾಲದ ತುದಿ ಇದೆಯಾ ನೋಡಿ. ಕಣ್ಣಿನ ಪದರ ಉಳಿದಿದ್ದರೆ ದಯವಿಟ್ಟು ಉಗುರು ಹಾಕಿ ಕೀಳಬೇಡಿ, ಹಾವಿನ ಕಣ್ಣೇ ಹೋಗಬಹುದು. ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ.